ವೋಟಿನ ಬಾಕಿ ಎಷ್ಟು? ಫ್ಲೋರಿಡಾದ ನಾಲ್ಕನೇ ತಿದ್ದುಪಡಿಯ ಪ್ರಕರಣ

ಒಬ್ಬ ಮನುಷ್ಯ ಕೋರ್ಟಿಗೆ ಎಷ್ಟು ದುಡ್ಡು ಬಾಕಿ ಇಟ್ಟಿದ್ದಾನೆ ಅಂತ ಲೆಕ್ಕ ಹಾಕಲು ಎಷ್ಟು ಹೊತ್ತು ಬೇಕು? ಅಮೆರಿಕದ ಫ್ಲೋರಿಡಾ ರಾಜ್ಯದ ಒಂದು ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕೋರ್ಟ್ ಕಚೇರಿಯಲ್ಲಿ ಇದೇ ಕೆಲಸದಲ್ಲಿ ಪಳಗಿದ ಸಿಬ್ಬಂದಿ ಒಟ್ಟಿಗೆ ಕೂತು, ಹಳೇ ಕಡತ ತೆಗೆಸಿ, ಒಬ್ಬನ ಲೆಕ್ಕ ನೋಡಿದರು. 12ರಿಂದ 15 ತಾಸು ಹಿಡಿಯಿತು. ಅಷ್ಟಾದರೂ ಕಾಗದಗಳು ಒಂದಕ್ಕೊಂದು ತಾಳೆ ಆಗಲಿಲ್ಲ. ಆ ಲೆಕ್ಕ ಯಾಕೆ ಬೇಕಿತ್ತು ಅಂದರೆ, ಅದು ಚುಕ್ತಾ ಆಗದೆ ಅವನು ವೋಟು ಹಾಕುವಂತಿರಲಿಲ್ಲ.

ಈ ಸಂಗತಿ 2020ರಲ್ಲಿ ಕೋರ್ಟಿನಲ್ಲಿ ಹೊರಬಿತ್ತು. ಅದಕ್ಕೆ ಒಂದೂವರೆ ವರ್ಷ ಮೊದಲು, 2018ರ ನವೆಂಬರ್ 6ರಂದು, ಅದೇ ರಾಜ್ಯದ 51,48,926 ಜನ ಮತದಾರರು ಶಿಕ್ಷೆ ಮುಗಿಸಿದ ಇವನಂಥವರಿಗೆ ವೋಟಿನ ಹಕ್ಕು ಮರಳಿ ಕೊಡೋಣ ಅಂತ, ರಾಜ್ಯ ಸಂವಿಧಾನದ ನಾಲ್ಕನೇ ತಿದ್ದುಪಡಿಗೆ ವೋಟು ಹಾಕಿ, ನೇರವಾಗಿ ತೀರ್ಪು ಕೊಟ್ಟಿದ್ದರು. ಶಿಕ್ಷೆ ಮುಗಿಸಿ ಬಂದ ಸುಮಾರು 14 ಲಕ್ಷ ಜನರಿಗೆ ಹಕ್ಕು ವಾಪಸ್ ಸಿಗುತ್ತದೆ ಅಂತ ಪತ್ರಿಕೆಗಳು ಬರೆದವು. ಆ ತೀರ್ಪಿನಿಂದ ಈ ಲೆಕ್ಕದ ಮೇಜಿನ ತನಕ ವಿಷಯ ಹೇಗೆ ಬಂತು ಅನ್ನೋದೇ ಈ ಪ್ರಕರಣ.

ಮೊದಲು ಹೇಗಿತ್ತು

ಅಮೆರಿಕದಲ್ಲಿ ದೊಡ್ಡ ಅಪರಾಧಗಳಿಗೆ ಫೆಲನಿ ಅನ್ನುತ್ತಾರೆ. ದೊಡ್ಡದು ಅಂದ ಕೂಡಲೇ ಕೊಲೆ, ದರೋಡೆ ಅಂತ ಅಂದುಕೊಳ್ಳಬೇಡಿ. 2019ರ ತನಕ ಫ್ಲೋರಿಡಾದಲ್ಲಿ 300 ಡಾಲರ್ ಬೆಲೆಯ ವಸ್ತು ಕದ್ದರೂ ಫೆಲನಿ. ಲೈಸೆನ್ಸ್ ಅಮಾನತಾಗಿರುವಾಗ ಪದೇ ಪದೇ ಗಾಡಿ ಓಡಿಸಿ ಸಿಕ್ಕಿಬಿದ್ದರೂ ಫೆಲನಿ ಆಗಬಹುದಿತ್ತು. ಒಮ್ಮೆ ಆ ಹಣೆಪಟ್ಟಿ ಬಿದ್ದರೆ ವೋಟಿನ ಹಕ್ಕು ಜೀವನಪೂರ್ತಿ ಹೋಯಿತು.

ಈ ನಿಯಮದ ಬೇರು ಹಳೆಯದು. ಗುಲಾಮಗಿರಿ ಕೊನೆಯಾದ ಮೂರು ವರ್ಷಕ್ಕೆ, 1868ರ ರಾಜ್ಯ ಸಂವಿಧಾನದಲ್ಲಿ ಇದು ಗಟ್ಟಿಯಾಗಿ ಕೂತಿತು. ಆಗತಾನೇ ವೋಟು ಸಿಕ್ಕಿದ್ದ ಕಪ್ಪು ಜನರ ಮೇಲೆ ಅದರ ಪೆಟ್ಟು ಜಾಸ್ತಿ ಬಿತ್ತು. ನೂರು ವರ್ಷ ಕಳೆದು 1968ರಲ್ಲಿ ಸಂವಿಧಾನವನ್ನೇ ಹೊಸದಾಗಿ ಬರೆದರೂ ಈ ಕಲಮು ಉಳಿಯಿತು. 2016ರ ಹೊತ್ತಿಗೆ ಫ್ಲೋರಿಡಾದ ವಯಸ್ಕರಲ್ಲಿ ಹತ್ತಕ್ಕೆ ಒಬ್ಬರಿಗೆ ವೋಟು ಇರಲಿಲ್ಲ. ಕಪ್ಪು ವಯಸ್ಕರಲ್ಲಿ ಐದಕ್ಕೆ ಒಬ್ಬರಿಗಿಂತ ಜಾಸ್ತಿ ಜನರಿಗೆ ಇರಲಿಲ್ಲ. 2000ನೇ ಇಸವಿಯಲ್ಲಿ ಅಧ್ಯಕ್ಷ ಯಾರು ಅನ್ನೋದು ತೀರ್ಮಾನವಾಗಿದ್ದು ಇದೇ ರಾಜ್ಯದ 537 ವೋಟಿನ ಅಂತರದಲ್ಲಿ. ಇಂಥ ಕಡೆ ಯಾರಿಗೆ ವೋಟು ಇದೆ, ಯಾರಿಗೆ ಇಲ್ಲ ಅನ್ನೋದು ಸಣ್ಣ ವಿಷಯ ಅಲ್ಲ.

ಇಲ್ಲಿ ನಮ್ಮ ದೇಶದ ಮಾತು ಒಂದೆರಡು ಸಾಲು ಹೇಳಿಬಿಡುತ್ತೇನೆ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 62(5)ನೇ ಕಲಮಿನ ಪ್ರಕಾರ ಜೈಲಿನೊಳಗೆ ಇರುವವರು ವೋಟು ಹಾಕುವಂತಿಲ್ಲ. ಇನ್ನೂ ತೀರ್ಪೇ ಬಾರದ ವಿಚಾರಣಾಧೀನ ಕೈದಿಗೂ ಇಲ್ಲ. ಅದು ಬೇರೆಯೇ ತಕರಾರು. ಆದರೆ ಪರಪ್ಪನ ಅಗ್ರಹಾರದ ಗೇಟು ದಾಟಿ ಆಚೆ ಬಂದವನಿಗೆ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಮುಂದಿನ ಚುನಾವಣೆಗೆ ಸಾಲಿನಲ್ಲಿ ನಿಲ್ಲಬಹುದು. ಕೋರ್ಟಿಗೆ ಕಟ್ಟಿದ ರಸೀದಿ ತೋರಿಸು ಅಂತ ಮತಗಟ್ಟೆಯಲ್ಲಿ ಯಾರೂ ಕೇಳುವುದಿಲ್ಲ. ಹಾಗಾಗಿ ಫ್ಲೋರಿಡಾದ ಪದ್ಧತಿ ನಮಗೆ ಚಟ್ಟನೆ ಅರ್ಥವಾಗುವುದಿಲ್ಲ.

ಅಲ್ಲಿ ಹಕ್ಕು ಮರಳಿ ಬೇಕಾದರೆ ಕ್ಷಮಾದಾನ ಮಂಡಳಿಯ ಮುಂದೆ ಹೋಗಬೇಕಿತ್ತು. ರಾಜ್ಯಪಾಲ ಮತ್ತು ಸಂಪುಟದ ಮೂವರು, ಒಟ್ಟು ನಾಲ್ಕು ಜನ. ನಮ್ಮಲ್ಲಿಯ ಹಾಗೆ ದಿಲ್ಲಿಯಿಂದ ನೇಮಕವಾಗಿ ಬರುವ ರಾಜ್ಯಪಾಲ ಅಲ್ಲ. ಅಲ್ಲಿ ಜನರೇ ಆರಿಸುತ್ತಾರೆ, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. 2007ರಲ್ಲಿ ಚಾರ್ಲಿ ಕ್ರಿಸ್ಟ್ ರಾಜ್ಯಪಾಲರಾಗಿದ್ದಾಗ ಬಾಗಿಲು ಸಡಿಲ ಮಾಡಿದರು. ಅವರ ಕಾಲದಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನರಿಗೆ ಹಕ್ಕು ಸಿಕ್ಕಿತು. 2011ರಲ್ಲಿ ರಿಕ್ ಸ್ಕಾಟ್ ಬಂದು ಬಾಗಿಲು ಮತ್ತೆ ಜಡಿದರು. ಶಿಕ್ಷೆ ಮುಗಿದ ಮೇಲೆ ಐದು ವರ್ಷ, ಕೆಲವು ಅಪರಾಧಗಳಿಗೆ ಏಳು ವರ್ಷ ಕಾಯಬೇಕು. ಆಮೇಲೆ ಅರ್ಜಿ. ಮಂಡಳಿ ಸೇರುವುದೇ ವರ್ಷಕ್ಕೆ ನಾಲ್ಕು ಸಲ. ಏಳು ವರ್ಷದಲ್ಲಿ ಹಕ್ಕು ಸಿಕ್ಕಿದ್ದು ಸುಮಾರು 3,000 ಜನರಿಗೆ.

ಆ ಮಂಡಳಿಯ ಸಭೆ ಹೇಗಿರುತ್ತಿತ್ತು ಅಂತ ಸ್ವಲ್ಪ ನೋಡಬೇಕು. ರಾಜಧಾನಿ ಟ್ಯಾಲಹಾಸಿಯ ಒಂದು ಹಾಲ್. ಅರ್ಜಿದಾರ ಎದ್ದು ಬಂದು ಮೈಕಿನ ಮುಂದೆ ನಿಲ್ಲಬೇಕು. ಸಿಗೋದು ಐದು ನಿಮಿಷ. ಕುಡಿತ ಇದೆಯಾ, ಟ್ರಾಫಿಕ್ ದಂಡ ಬಿದ್ದಿದೆಯಾ, ಇಂಥ ಪ್ರಶ್ನೆಗಳು. ಒಮ್ಮೆ ಒಬ್ಬ ಬಿಳಿಯ, ಹಕ್ಕಿಲ್ಲದೆಯೂ 2010ರಲ್ಲಿ ವೋಟು ಹಾಕಿದ್ದನ್ನು ಅಲ್ಲೇ ಒಪ್ಪಿಕೊಂಡ. ಹಾಕಿದ್ದು ನಿಮಗೇ ಸ್ವಾಮಿ ಅಂತ ರಾಜ್ಯಪಾಲರಿಗೇ ಹೇಳಿದ. ಸ್ಕಾಟ್ ನಕ್ಕರು. ಕೆಲವು ಕ್ಷಣ ಬಿಟ್ಟು ಅವನಿಗೆ ಹಕ್ಕು ಕೊಟ್ಟರು. ಅದೇ ತಪ್ಪು ಮಾಡಿದ ಬೇರೆಯವರಿಗೆ ಇದೇ ಮಂಡಳಿ ಇಲ್ಲ ಅಂದಿತ್ತು. ಇನ್ನೊಂದು ಸಭೆಯಲ್ಲಿ ಸ್ಕಾಟ್ ಬಾಯಿಬಿಟ್ಟೇ ಹೇಳಿದರು: ಇದಕ್ಕೆ ಅಳತೆಗೋಲು ಅಂತ ಯಾವುದೂ ಇಲ್ಲ, ನಮಗೆ ಬೇಕಾದ್ದು ಮಾಡಬಹುದು ಅಂತ. 2018ರ ಫೆಬ್ರವರಿಯಲ್ಲಿ ಫೆಡರಲ್ ನ್ಯಾಯಾಧೀಶ ಮಾರ್ಕ್ ವಾಕರ್ ಈ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಬರೆದಾಗ ಆ ಮಾತನ್ನೇ ಎತ್ತಿ ತೋರಿಸಿದರು. ಮೇಲಿನ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು.

ಸಹಿ, ಪ್ರಚಾರ, ವೋಟು

ಡೆಸ್ಮಂಡ್ ಮೀಡ್ ಹೆಸರು ಬಿಟ್ಟು ಈ ಕಥೆ ಹೇಳುವ ಹಾಗಿಲ್ಲ. ಸೈನ್ಯದಲ್ಲಿದ್ದವರು, ಆಮೇಲೆ ಡ್ರಗ್ಸ್ ಚಟಕ್ಕೆ ಬಿದ್ದರು, ಜೈಲು ಕಂಡರು. 2005ರ ಆಗಸ್ಟಿನಲ್ಲಿ ಮಯಾಮಿಯಲ್ಲಿ ಮನೆ ಮಠ ಇಲ್ಲದೆ, ರೈಲು ಹಳಿಯ ಪಕ್ಕ ನಿಂತು, ಬರುವ ರೈಲಿಗೆ ತಲೆ ಕೊಡಲು ಕಾಯುತ್ತಿದ್ದರು. ರೈಲು ಬರಲಿಲ್ಲ. ಹಳಿ ದಾಟಿ ನಡೆದು ಹೋಗಿ ಚಟ ಬಿಡಿಸುವ ಕೇಂದ್ರ ಸೇರಿದರು. ಅಲ್ಲಿಂದ ಕಾಲೇಜು, ಅಲ್ಲಿಂದ ಲಾ ಓದು. 2014ರಲ್ಲಿ ಫ್ಲೋರಿಡಾ ಇಂಟರ್‌ನ್ಯಾಷನಲ್ ಯೂನಿವರ್ಸಿಟಿಯಿಂದ ಕಾನೂನು ಪದವಿ ಪಡೆದರು. ಆದರೆ ವಕೀಲಿಕೆ ಮಾಡುವಂತಿಲ್ಲ, ಯಾಕೆಂದರೆ ನಾಗರಿಕ ಹಕ್ಕು ಇಲ್ಲ. 2016ರಲ್ಲಿ ಅವರ ಹೆಂಡತಿ ಶೀನಾ ರಾಜ್ಯದ ಕೆಳಮನೆಗೆ ಸ್ಪರ್ಧಿಸಿದರು. ಗಂಡ ಹೆಂಡತಿಗೆ ವೋಟು ಹಾಕುವಂತಿಲ್ಲ!

ಫ್ಲೋರಿಡಾದಲ್ಲಿ ಜನರೇ ಸಹಿ ಸಂಗ್ರಹಿಸಿ ಸಂವಿಧಾನಕ್ಕೆ ತಿದ್ದುಪಡಿ ಸೂಚಿಸಬಹುದು. ಶಾಸಕರು ಒಪ್ಪಬೇಕು ಅಂತಿಲ್ಲ. ನಮ್ಮಲ್ಲಿ ಈ ಏರ್ಪಾಡೇ ಇಲ್ಲ. ನಮಗೆ ಐದು ವರ್ಷಕ್ಕೊಮ್ಮೆ ಮನುಷ್ಯರನ್ನು ಆರಿಸುವ ಅವಕಾಶ, ಅವರಿಗೆ ಅಲ್ಲಿ ನೇರವಾಗಿ ಕಾನೂನನ್ನೇ ಆರಿಸುವ ಅವಕಾಶ. ಇದಕ್ಕೆ 2018ರಲ್ಲಿ ಬೇಕಿದ್ದ ಸಹಿ 7,66,200. ಮೀಡ್ ಮುಂದಾಳತ್ವದ ಫ್ಲೋರಿಡಾ ರೈಟ್ಸ್ ರೆಸ್ಟೊರೇಶನ್ ಕೊಯಲಿಷನ್ ಮೊದಲು ಸ್ವಯಂಸೇವಕರನ್ನೇ ನಂಬಿಕೊಂಡು, ಆಮೇಲೆ ದುಡ್ಡು ಕೂಡಿಸಿ, ಚರ್ಚು, ಸಂತೆ, ಬಸ್ ಸ್ಟಾಪ್ ಸುತ್ತಿ ಆ ಗುರಿ ದಾಟಿತು. 2018ರ ಜನವರಿಯಲ್ಲಿ ಮತಪತ್ರದಲ್ಲಿ ಜಾಗ ಸಿಕ್ಕಿತು. ನಂಬರ್ ನಾಲ್ಕು.

ಅವರ ಜಾಣತನ ಭಾಷೆಯಲ್ಲಿತ್ತು. ಕೈದಿ, ಅಪರಾಧಿ ಅನ್ನೋ ಪದ ಬಳಸಲಿಲ್ಲ. ‘ಮರಳಿ ಬಂದ ನಾಗರಿಕರು’ ಅಂದರು. ಜನಾಂಗದ ಮಾತು, ಪಕ್ಷದ ಮಾತು ಮುಂದೆ ಇಡಲಿಲ್ಲ. ಅಣ್ಣ, ಮಗ, ಪಕ್ಕದ ಮನೆಯವ, ಎಲ್ಲರ ಮನೆಯಲ್ಲೂ ಒಬ್ಬ ಇದ್ದಾನಲ್ವಾ ಅಂತ ಕೇಳಿದರು. ಮೀಡ್ ಜೊತೆ ಊರೂರು ತಿರುಗಿದ ನೀಲ್ ವೋಲ್ಜ್ ಬಿಳಿಯ, ರಿಪಬ್ಲಿಕನ್. ಒಬ್ಬ ಸಂಸದರ ಕಚೇರಿಯ ಮುಖ್ಯಸ್ಥನಾಗಿದ್ದು, ಏಬ್ರಮಾಫ್ ಲಾಬಿ ಹಗರಣದಲ್ಲಿ ತಪ್ಪೊಪ್ಪಿಕೊಂಡವರು. ಎಡಪಂಥೀಯರಿಗೆ ಪ್ರಿಯವಾದ ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಕೂಡ ಬೆಂಬಲಿಸಿತು, ಬಲಪಂಥದ ಕಡೆಯ ಶ್ರೀಮಂತ ಉದ್ಯಮಿಗಳಾದ ಕೋಕ್ ಸಹೋದರರ ಬಳಗದ ಫ್ರೀಡಂ ಪಾರ್ಟ್ನರ್ಸ್ ಕೂಡ ಬೆಂಬಲಿಸಿತು. ಇವೆರಡು ಒಂದೇ ವೇದಿಕೆ ಮೇಲೆ ಸಿಗುವುದು ಅಪರೂಪ. ಪ್ರಚಾರದ ಘೋಷವಾಕ್ಯ ಬಲು ಸರಳ: ಸಾಲ ತೀರಿದ ಮೇಲೆ ತೀರಿತು. ಸಮಾಜಕ್ಕೆ ತೀರಿಸಬೇಕಾದ ಋಣ, ಜೈಲುವಾಸ ಅನುಭವಿಸಿ ತೀರಿಸಿದ್ದಾನೆ, ಇನ್ನೇನು ಬಾಕಿ ಅನ್ನೋ ಅರ್ಥದಲ್ಲಿ. ಈ ಸಾಲದ ಉಪಮೆ ಮುಂದೆ ಅವರಿಗೇ ತಿರುಗಿಬಿತ್ತು.

ತಿದ್ದುಪಡಿ ಗೆಲ್ಲಲು 51 ಪರ್ಸೆಂಟ್ ಸಾಲದು, 60 ಬೇಕು. ಇದನ್ನು ಮಾಡಿದ್ದೂ ಮತದಾರರೇ, 2006ರಲ್ಲಿ, ಇನ್ನೊಂದು ಮತಪತ್ರದಲ್ಲಿ. ತಮಾಷೆ ಏನೆಂದರೆ ಆ 60ರ ನಿಯಮ ಪಾಸಾಗಿದ್ದು ಸುಮಾರು 58 ಪರ್ಸೆಂಟ್ ವೋಟಿನಲ್ಲಿ. ತಾನು ಹಾಕಿದ ಮೆಟ್ಟಿಲನ್ನು ತಾನೇ ಹತ್ತಲಾಗದ ನಿಯಮ ಅದು. 2024ರಲ್ಲಿ ಗರ್ಭಪಾತದ ಹಕ್ಕಿನ ತಿದ್ದುಪಡಿಗೆ 57 ಪರ್ಸೆಂಟ್ ಬಂದೂ ಸೋತದ್ದು ಇದೇ ನಿಯಮದಿಂದ.

ನಾಲ್ಕನೇ ತಿದ್ದುಪಡಿಗೆ 64.55 ಪರ್ಸೆಂಟ್ ಬಂತು. ಅದೇ ದಿನ ರಾಜ್ಯಪಾಲರಾಗಿ ಗೆದ್ದ ರಾನ್ ಡಿಸ್ಯಾಂಟಿಸ್‌ಗೆ ಬಂದಿದ್ದು 40,76,186 ವೋಟು. ಅವರು ಗೆದ್ದ ಅಂತರ 33,000ಕ್ಕೂ ಕಡಿಮೆ. ಅಂದರೆ ತಿದ್ದುಪಡಿಗೆ ಅವರಿಗಿಂತ ಹತ್ತು ಲಕ್ಷಕ್ಕೂ ಜಾಸ್ತಿ ವೋಟು. ಸೋತ ಆಂಡ್ರೂ ಗಿಲಮ್‌ಗೆ ವೋಟು ಹಾಕಿದವರೆಲ್ಲ ಹೌದು ಅಂದಿದ್ದರೂ ಲೆಕ್ಕ ಸಾಲದು. ಡಿಸ್ಯಾಂಟಿಸ್ ಅವರನ್ನು ಆರಿಸಿದ ಕೈಯೇ, ಲಕ್ಷಗಟ್ಟಲೆ ಸಂಖ್ಯೆಯಲ್ಲಿ, ಅದೇ ಹಾಳೆಯ ಕೆಳಗೆ ಹೌದು ಅನ್ನೋ ವೃತ್ತಕ್ಕೆ ಮಸಿ ತುಂಬಿತ್ತು. ಈ ಪ್ರಕರಣದಲ್ಲಿ ನನಗೆ ಬಹಳ ಹಿಡಿಸಿದ ಸಂಖ್ಯೆ ಇದು.

ಮೂರು ಪದಗಳ ಜಗಳ

ಮತಪತ್ರದಲ್ಲಿ ಏನಿತ್ತು? ಫೆಲನಿ ಮಾಡಿದವರು ಪೆರೋಲ್, ಪ್ರೊಬೇಶನ್ (ಜೈಲಿನ ಹೊರಗೆ ಕೋರ್ಟಿನ ನಿಗಾದಲ್ಲಿ ಇರುವ ಅವಧಿ) ಸೇರಿ ‘ಶಿಕ್ಷೆಯ ಎಲ್ಲ ಷರತ್ತು’ ಮುಗಿಸಿದ ಮೇಲೆ ವೋಟಿನ ಹಕ್ಕು ಮರಳುತ್ತದೆ. ಕೊಲೆ ಮತ್ತು ಲೈಂಗಿಕ ಅಪರಾಧ ಮಾಡಿದವರಿಗೆ ಇದು ಅನ್ವಯವಾಗುವುದಿಲ್ಲ. ಇಷ್ಟೇ. ದಂಡ, ಶುಲ್ಕ, ದುಡ್ಡು ಅನ್ನೋ ಪದವೇ ಇಲ್ಲ. ಕ್ಯೂನಲ್ಲಿ ನಿಂತು ಇದನ್ನು ಓದಿದ ಸಾಮಾನ್ಯ ಮನುಷ್ಯ ಜೈಲು, ಪೆರೋಲು ಅಂತಲೇ ಅರ್ಥ ಮಾಡಿಕೊಂಡಿರುತ್ತಾನೆ.

ಆದರೆ ವಕೀಲರ ಲೋಕ ಬೇರೆ. ತಿದ್ದುಪಡಿಯ ಭಾಷೆ ಸರಿ ಇದೆಯಾ ಅಂತ ರಾಜ್ಯದ ಸುಪ್ರೀಂ ಕೋರ್ಟ್ 2017ರ ಮಾರ್ಚಿನಲ್ಲಿ ವಿಚಾರಣೆ ನಡೆಸಿತ್ತು. ಅಲ್ಲಿ ಒಬ್ಬ ನ್ಯಾಯಮೂರ್ತಿ ಕೇಳಿದರು: ಇದರಲ್ಲಿ ದಂಡದ ಪೂರ್ತಿ ಪಾವತಿಯೂ ಸೇರುತ್ತದಾ? ತಿದ್ದುಪಡಿಯ ಪರ ನಿಂತಿದ್ದ ವಕೀಲರು ಹೌದು ಅಂದರು. ಎಲ್ಲ ಷರತ್ತು ಅಂದರೆ ಶಿಕ್ಷೆಯ ಆದೇಶದೊಳಗೆ ಬರೆದಿರುವ ಎಲ್ಲವೂ ಅಂದರು. ಕೋರ್ಟಿನ ಒಪ್ಪಿಗೆ ಪಡೆಯಲು ಆ ಕ್ಷಣಕ್ಕೆ ಅದು ಸುಲಭದ ಉತ್ತರ. ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಎರಡು ವರ್ಷದ ನಂತರ ಆ ಒಂದು ಹೌದು ಅವರ ಕೊರಳಿಗೇ ಸುತ್ತಿಕೊಂಡಿತು.

ಶಾಸನಸಭೆ ಮತದಾರರಿಗೆ ಮೋಸ ಮಾಡಿತು ಅಂತ ಒಂದೇ ಸಾಲಿನಲ್ಲಿ ಮುಗಿಸುವವರು ಈ ಸಂಗತಿಯನ್ನು ಹಾರಿಸಿಬಿಡುತ್ತಾರೆ. ಹಾರಿಸಬಾರದು. ಬಾಗಿಲಿಗೆ ಚಿಲಕ ಇಡುವಾಗ ಹೊರಗಿನಿಂದಲೂ ಹಾಕಬಹುದಾದ ಚಿಲಕ ಇಟ್ಟವರು ಇವರೇ.

2019ರ ಜನವರಿ 8ಕ್ಕೆ ತಿದ್ದುಪಡಿ ಜಾರಿಗೆ ಬಂತು. ಅವತ್ತೇ ಡಿಸ್ಯಾಂಟಿಸ್ ಪ್ರಮಾಣವಚನ. ಅವತ್ತೇ ಮೀಡ್ ಆರ್ಲ್ಯಾಂಡೊದ ಚುನಾವಣಾ ಕಚೇರಿಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ನೋಂದಣಿ ಅರ್ಜಿ ತುಂಬಿದರು. ರಾಜ್ಯದ ತುಂಬ ಕಚೇರಿಗಳ ಮುಂದೆ ಇಂಥ ದೃಶ್ಯ. ಕೆಲವರು ಅತ್ತರು, ಕೆಲವರು ಫೋಟೋ ಹೊಡೆಸಿಕೊಂಡರು. ತಿದ್ದುಪಡಿ ಬರೆದವರ ವಾದ ಅದು ತಾನಾಗಿಯೇ ಜಾರಿಯಾಗುತ್ತದೆ, ಬೇರೆ ಕಾನೂನು ಬೇಡ ಅಂತ. ಹೊಸ ರಾಜ್ಯಪಾಲರ ವಾದ ಕಾನೂನು ಬೇಕೇ ಬೇಕು ಅಂತ.

ಕಾನೂನು ಬಂತು. ಎಸ್‌ಬಿ 7066. ಜೂನ್ 28ರಂದು ಡಿಸ್ಯಾಂಟಿಸ್ ಸಹಿ ಹಾಕಿದರು. ಶಿಕ್ಷೆಯ ಭಾಗವಾಗಿ ಹಾಕಿದ ದಂಡ, ಶುಲ್ಕ, ಸಂತ್ರಸ್ತರಿಗೆ ಕೊಡಬೇಕಾದ ಪರಿಹಾರ, ಎಲ್ಲವನ್ನೂ ಕಟ್ಟಿ ಮುಗಿಸಿದರೆ ಮಾತ್ರ ಶಿಕ್ಷೆ ಮುಗಿಯಿತು ಅಂತ ಅರ್ಥ. ಕಟ್ಟಲಾಗದವರ ಬಾಕಿಯನ್ನು ನ್ಯಾಯಾಧೀಶರು ಸಿವಿಲ್ ಸಾಲವಾಗಿ ಬದಲಾಯಿಸಿ ಕ್ರಿಮಿನಲ್ ಕಡತ ಮುಚ್ಚುವ ಪದ್ಧತಿ ಫ್ಲೋರಿಡಾದಲ್ಲಿ ಮಾಮೂಲಿ. ಹಾಗೆ ಬದಲಾಯಿಸಿದ್ದರೂ ಲೆಕ್ಕಕ್ಕಿಲ್ಲ, ಕಟ್ಟಲೇಬೇಕು ಅಂತ ಈ ಕಾನೂನು ಹೇಳಿತು. 2017ರ ಆ ಹೌದು ಇಷ್ಟು ದೂರ ಬರುತ್ತದೆ ಅಂತ ನನಗನ್ನಿಸುವುದಿಲ್ಲ. ಒಂದು ಕಿಂಡಿ ಮಾತ್ರ ಬಿಟ್ಟರು: ನ್ಯಾಯಾಧೀಶರು ಮನಸ್ಸು ಮಾಡಿದರೆ ಶಿಕ್ಷೆಯ ಆದೇಶವನ್ನೇ ಬದಲಿಸಬಹುದು, ಇಲ್ಲವೇ ದಂಡವನ್ನು ಸಮುದಾಯ ಸೇವೆಗೆ ಬದಲಾಯಿಸಬಹುದು. ಮಯಾಮಿ-ಡೇಡ್‌ನಂಥ ಕೆಲವು ಕೌಂಟಿಗಳು ಆ ಕಿಂಡಿಯನ್ನು ದೊಡ್ಡದು ಮಾಡಿಕೊಂಡವು. ಮಿಕ್ಕ ಕಡೆ ಅದು ಕಿಂಡಿಯಾಗಿಯೇ ಉಳಿಯಿತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಆದರೆ ಇಲ್ಲಿ ಪೂಜಾರಿಯ ಕೈಯಲ್ಲೂ ಲೆಕ್ಕದ ಪುಸ್ತಕ ಇರಲಿಲ್ಲ.

ಕೋರ್ಟಿನಲ್ಲಿ ಬಿಚ್ಚಿದ ಗಂಟು

ಹದಿನೇಳು ಜನ, ಕೆಲವು ಸಂಘಟನೆಗಳು ಫೆಡರಲ್ ಕೋರ್ಟಿಗೆ ಹೋದರು. ಕೇಸಿನ ಹೆಸರು ಜೋನ್ಸ್ ವರ್ಸಸ್ ಡಿಸ್ಯಾಂಟಿಸ್. ನ್ಯಾಯಾಧೀಶ ರಾಬರ್ಟ್ ಹಿಂಕಲ್. ವಿಚಾರಣೆ ನಡೆದದ್ದು 2020ರ ಏಪ್ರಿಲ್-ಮೇನಲ್ಲಿ, ಕೊರೋನಾ ಕಾಲ, ಎಲ್ಲ ವೀಡಿಯೋದಲ್ಲಿ. ಮೇ 24ರಂದು ಬಂದ ತೀರ್ಪು 125 ಪುಟ. ಈ ಪ್ರಕರಣದ ಬಗ್ಗೆ ಒಂದೇ ಒಂದು ಕಾಗದ ಓದುತ್ತೇನೆ ಅಂದರೆ ಅದನ್ನೇ ಓದಿ. ಕಾನೂನಿನ ಭಾಷೆ ಕಮ್ಮಿ, ಕಚೇರಿಯ ಒಳಗಿನ ಚಿತ್ರ ಜಾಸ್ತಿ.

ಮೊದಲು ಬಾಕಿ ಎಲ್ಲಿಂದ ಬರುತ್ತದೆ ನೋಡಿ. ಬಡವನೊಬ್ಬ ಸರ್ಕಾರಿ ವಕೀಲ ಬೇಕು ಅಂತ ಅರ್ಜಿ ಹಾಕಿದರೆ ಅರ್ಜಿಗೇ 50 ಡಾಲರ್. ಫೆಲನಿ ಕೇಸಾದರೆ ಅವನ ಪರ ವಾದಿಸಿದ ಆ ವಕೀಲನಿಗೆ ಕನಿಷ್ಠ 100. ಅವನ ವಿರುದ್ಧ ವಾದಿಸಿದ ಸರ್ಕಾರದ ಖರ್ಚಿಗೆ ಕನಿಷ್ಠ ಇನ್ನೊಂದು 100. ಅಂದರೆ ತನ್ನನ್ನು ಜೈಲಿಗೆ ಕಳಿಸಿದ ಖರ್ಚೂ ತನ್ನದೇ. ಇದರ ಮೇಲೆ ಕೋರ್ಟಿನ ತರಹೇವಾರಿ ಶುಲ್ಕ. ಕಟ್ಟದಿದ್ದರೆ ವಸೂಲಿ ಕಂಪನಿಗೆ ಒಪ್ಪಿಸುತ್ತಾರೆ, ಆ ಕಂಪನಿ 40 ಪರ್ಸೆಂಟ್ ತನಕ ಮೇಲೆ ಸೇರಿಸಬಹುದು. ಜೊತೆಗೆ ಡ್ರೈವಿಂಗ್ ಲೈಸೆನ್ಸ್ ಅಮಾನತು. ಲೈಸೆನ್ಸ್ ಇಲ್ಲದೆ ಕೆಲಸಕ್ಕೆ ಹೋಗುವುದು ಹೇಗೆ? ಫ್ಲೋರಿಡಾದ ದೂರಗಳನ್ನು ನೋಡಿದವರಿಗೆ ಗೊತ್ತು. ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮತ್ತೆ ಕೇಸು, ಮತ್ತೆ ಶುಲ್ಕ.

ಈ ಶುಲ್ಕಗಳ ಹಿಂದೆಯೂ ಒಂದು ಮತಪತ್ರ ಇದೆ. 1998ರಲ್ಲಿ ಫ್ಲೋರಿಡಾದ ಮತದಾರರು ಕೋರ್ಟುಗಳ ಹಣಕಾಸಿನ ಬಗ್ಗೆ ಒಂದು ತಿದ್ದುಪಡಿಗೆ ಹೌದು ಅಂದಿದ್ದರು. ಅದರ ಪ್ರಕಾರ ಕೋರ್ಟ್ ಗುಮಾಸ್ತರ ಕಚೇರಿಗಳು ಮುಖ್ಯವಾಗಿ ಶುಲ್ಕದ ದುಡ್ಡಿನಲ್ಲೇ ನಡೆಯಬೇಕು. ತೆರಿಗೆ ಉಳಿಯಿತು ಅಂತ ಜನ ಖುಷಿಪಟ್ಟಿರಬೇಕು. ಇಪ್ಪತ್ತು ವರ್ಷದ ಮೇಲೆ ಅವರೇ ಕೊಟ್ಟ ವೋಟಿನ ಹಕ್ಕಿಗೆ ಅದೇ ಶುಲ್ಕ ಅಡ್ಡ ನಿಂತಿತು. 1998, 2006, 2018. ಒಂದೇ ಜನ, ಮೂರು ಹಾಳೆ. ಒಂದರ ಮೇಲೆ ಮಸಿ ತುಂಬುವಾಗ ಇನ್ನೊಂದು ನೆನಪಿರುವುದಿಲ್ಲ.

ಇನ್ನು ಲೆಕ್ಕ. ಯಾರು ಎಷ್ಟು ಕಟ್ಟಬೇಕು, ಎಷ್ಟು ಕಟ್ಟಿದ್ದಾರೆ ಅನ್ನೋದಕ್ಕೆ ಇಡೀ ರಾಜ್ಯಕ್ಕೆ ಒಂದು ದಾಖಲೆ ಇಲ್ಲ. 67 ಕೌಂಟಿ, ಪ್ರತಿಯೊಂದರ ಪುಸ್ತಕ ಬೇರೆ. ಹಳೇ ಕೇಸುಗಳು ಮೈಕ್ರೋಫಿಲ್ಮಿನಲ್ಲೋ ಗೋದಾಮಿನಲ್ಲೋ. ಪರಿಹಾರದ ದುಡ್ಡನ್ನು ಸಂತ್ರಸ್ತರಿಗೆ ನೇರ ಕೊಟ್ಟಿದ್ದರೆ ಅದಕ್ಕೆ ಎಲ್ಲಿಯೂ ರಸೀದಿ ಇಲ್ಲದಿರಬಹುದು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಟ್ರೇಸಿ ಬರ್ಚ್ ಮತ್ತು ಅವರ ಪಿಎಚ್‌ಡಿ ವಿದ್ಯಾರ್ಥಿಗಳು ಕಣ್ಣು ಮುಚ್ಚಿ 153 ಜನರನ್ನು ಆರಿಸಿಕೊಂಡು ಅವರ ಬಾಕಿ ಹುಡುಕಿದರು. ಮೂರೇ ಮೂರು ಜನರ ದಾಖಲೆ ತಾಳೆಯಾಯಿತು. ಉಳಿದ 150ರಲ್ಲಿ ಒಂದು ಕಡೆ ಒಂದು ಮೊತ್ತ, ಇನ್ನೊಂದು ಕಡೆ ಇನ್ನೊಂದು. ಪಿಎಚ್‌ಡಿ ಮಾಡುವವರ ಪಾಡೇ ಹೀಗಾದರೆ, ದಿನಗೂಲಿ ಬಿಟ್ಟು ಕೌಂಟರ್ ಮುಂದೆ ನಿಂತವನ ಪಾಡೇನು?

ಫ್ಲೋರಿಡಾ ವಿಶ್ವವಿದ್ಯಾಲಯದ ಡೇನಿಯಲ್ ಸ್ಮಿತ್ ಇನ್ನೊಂದು ಲೆಕ್ಕ ಕೊಟ್ಟರು. ಶಿಕ್ಷೆ ಅನುಭವಿಸಿ ಮುಗಿಸಿದ, ಆದರೆ ದುಡ್ಡು ಬಾಕಿ ಇರುವ ಒಂದೇ ಕಾರಣಕ್ಕೆ ವೋಟು ಇಲ್ಲದವರು 7,74,490 ಜನ.

ಸರ್ಕಾರದ ಕಡೆಯವರು ವಿಚಾರಣೆ ಹತ್ತಿರ ಬಂದಾಗ ಹೊಸ ನಿಯಮವೊಂದನ್ನು ಹಿಡಿದು ಬಂದರು. ‘ಪ್ರತಿ ಡಾಲರ್’ ನಿಯಮ ಅಂತ ಅದಕ್ಕೆ ಹೆಸರು ಬಿತ್ತು. ಶಿಕ್ಷೆಯಲ್ಲಿ 500 ಡಾಲರ್ ಅಂತಿದ್ದರೆ, ವಸೂಲಿ ಕಂಪನಿಯ ಕಮಿಷನ್ನು, ಬಡ್ಡಿ, ಹಾಳುಮೂಳು ಏನಕ್ಕೇ ಕಟ್ಟಿರಲಿ, ಒಟ್ಟು 500 ಕಟ್ಟಿದ್ದರೆ ವೋಟಿನ ಮಟ್ಟಿಗೆ ಚುಕ್ತಾ. ಕೇಳಲು ಉದಾರವಾಗಿದೆ. ಆದರೆ ಇಪ್ಪತ್ತು ವರ್ಷದಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಕಟ್ಟಿದೆ ಅನ್ನೋ ಪ್ರತಿ ರಸೀದಿ ಬೇಕು. ನಮ್ಮ ಮನೆಯ ಇಪ್ಪತ್ತು ವರ್ಷದ ಕರೆಂಟ್ ಬಿಲ್ ತೆಗೆದಿಟ್ಟಿದ್ದೇವಾ? ಸುಮ್ನೆ ಕೇಳಿದೆ. ಇತ್ತ ನೋಂದಣಿಗೆ ಬಂದು ಪರಿಶೀಲನೆಗೆ ಕಾಯುತ್ತಿದ್ದ ಅರ್ಜಿಗಳು 85,000. ತಿದ್ದುಪಡಿ ಪಾಸಾಗಿ ಹದಿನೆಂಟು ತಿಂಗಳಾದರೂ ಅದರಲ್ಲಿ ಒಂದನ್ನೂ ಪೂರ್ತಿ ಮುಗಿಸಿರಲಿಲ್ಲ.

ಹಿಂಕಲ್ ಇದನ್ನು ‘ದುಡ್ಡು ಕೊಟ್ಟು ವೋಟು ಹಾಕುವ ಪದ್ಧತಿ’ ಅಂತ ಕರೆದರು. ಅವರ ತೀರ್ಪಿನ ತಿರುಳು ಇಷ್ಟು: ಕಟ್ಟುವ ಶಕ್ತಿ ಇದ್ದವನಿಂದ ದಂಡ ಕೇಳಿ, ತಪ್ಪಿಲ್ಲ. ಶಕ್ತಿಯೇ ಇಲ್ಲದವನ ಹಕ್ಕನ್ನು ಅದಕ್ಕಾಗಿ ಕಿತ್ತುಕೊಳ್ಳುವಂತಿಲ್ಲ. ಶುಲ್ಕಗಳಂತೂ ಸರ್ಕಾರ ನಡೆಸಲು ಎತ್ತುವ ದುಡ್ಡು, ಅಂದರೆ ತೆರಿಗೆ. ತೆರಿಗೆ ಕಟ್ಟಿಲ್ಲ ಅಂತ ಫೆಡರಲ್ ಚುನಾವಣೆಯಲ್ಲಿ ವೋಟು ನಿರಾಕರಿಸುವುದನ್ನು 1964ರ ಇಪ್ಪತ್ತನಾಲ್ಕನೇ ತಿದ್ದುಪಡಿ ನಿಷೇಧಿಸಿದೆ. ಬಾಕಿ ಎಷ್ಟು ಅಂತ ಕೇಳಿದವರಿಗೆ ಸರ್ಕಾರ 21 ದಿನದಲ್ಲಿ ಉತ್ತರಿಸಬೇಕು, ಉತ್ತರ ಬಾರದಿದ್ದರೆ ಅವರು ನೋಂದಾಯಿಸಬಹುದು.

ಈ ತೀರ್ಪು ಬದುಕಿದ್ದು ಐದಾರು ವಾರ. ಜುಲೈ 1ರಂದು ಹನ್ನೊಂದನೇ ಸರ್ಕಿಟ್ ಮೇಲ್ಮನವಿ ಕೋರ್ಟ್ ತಡೆ ಕೊಟ್ಟಿತು. ಅದನ್ನು ತೆರವು ಮಾಡಲು ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನ್ಯಾಯಮೂರ್ತಿ ಸೋನಿಯಾ ಸೊಟೊಮಯೋರ್ ಭಿನ್ನಮತ ಬರೆದರು, ಗಿನ್ಸ್‌ಬರ್ಗ್ ಮತ್ತು ಕೇಗನ್ ಸೇರಿಕೊಂಡರು. ಸೆಪ್ಟೆಂಬರ್ 11ರಂದು ಮೇಲ್ಮನವಿ ಕೋರ್ಟಿನ ಹತ್ತು ನ್ಯಾಯಾಧೀಶರು 6-4ರಲ್ಲಿ ಹಿಂಕಲ್ ತೀರ್ಪನ್ನು ಪೂರ್ತಿ ಅಳಿಸಿದರು. ಶುಲ್ಕವೂ ಶಿಕ್ಷೆಯ ಭಾಗ, ತೆರಿಗೆ ಅಲ್ಲ. ಶಿಕ್ಷೆ ಪೂರ್ತಿ ಮುಗಿಸಿ ಅಂತ ರಾಜ್ಯ ಕೇಳಬಹುದು. ಬಾಕಿ ಎಷ್ಟು ಅಂತ ಹುಡುಕಿಕೊಡುವ ಜವಾಬ್ದಾರಿ ರಾಜ್ಯದ್ದಲ್ಲ. ಜನವರಿಯಲ್ಲೇ ರಾಜ್ಯದ ಸುಪ್ರೀಂ ಕೋರ್ಟ್ ‘ಎಲ್ಲ ಷರತ್ತು’ ಅನ್ನೋದರಲ್ಲಿ ದುಡ್ಡೂ ಸೇರುತ್ತದೆ ಅಂತ ಅಭಿಪ್ರಾಯ ಕೊಟ್ಟಿತ್ತು. ಕಾನೂನಿನ ದಾರಿ ಅಲ್ಲಿಗೆ ಮುಚ್ಚಿತು.

ಆಮೇಲೆ

ಅಧ್ಯಕ್ಷೀಯ ಚುನಾವಣೆಗೆ ಎಂಟು ವಾರ ಉಳಿದಿತ್ತು. ಮೀಡ್ ಸಂಘಟನೆ ಜನರ ಬಾಕಿ ಕಟ್ಟಲು ಚಂದಾ ಎತ್ತಿತು. ಬಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ ಬಳಗ ಕೈಜೋಡಿಸಿತು. ಶ್ರೀಮಂತ ಉದ್ಯಮಿ ಮೈಕಲ್ ಬ್ಲೂಮ್‌ಬರ್ಗ್ 1.6 ಕೋಟಿ ಡಾಲರ್ ಕೂಡಿಸಿಕೊಟ್ಟರು. ಇದು ವೋಟು ಖರೀದಿ ಆಗುತ್ತದಾ ನೋಡಿ ಅಂತ ರಾಜ್ಯದ ಅಟಾರ್ನಿ ಜನರಲ್ ಆಶ್ಲಿ ಮೂಡಿ ಎಫ್‌ಬಿಐಗೆ ಪತ್ರ ಬರೆದರು. ಕಟ್ಟಿದರೆ ಮಾತ್ರ ವೋಟು ಅಂತ ಕಾನೂನು ಮಾಡಿದವರೇ, ಕಟ್ಟಲು ಬಂದವರನ್ನು ಅನುಮಾನದಿಂದ ನೋಡಿದರು.

2022ರ ಆಗಸ್ಟ್ 18ರಂದು ಡಿಸ್ಯಾಂಟಿಸ್ ಫೋರ್ಟ್ ಲಾಡರ್‌ಡೇಲ್‌ನ ಕೋರ್ಟ್ ಕಟ್ಟಡದಲ್ಲಿ ನಿಂತು, ಹೊಸದಾಗಿ ಹುಟ್ಟಿಸಿದ ಚುನಾವಣಾ ಅಪರಾಧ ವಿಭಾಗ 20 ಜನರ ಮೇಲೆ ಅಕ್ರಮ ಮತದಾನದ ಕೇಸು ಹಾಕಿದೆ ಅಂತ ಪ್ರಕಟಿಸಿದರು. ಹೆಚ್ಚಿನವರು ಕೊಲೆ ಅಥವಾ ಲೈಂಗಿಕ ಅಪರಾಧದ ಹಳೇ ಶಿಕ್ಷೆ ಇದ್ದವರು, ಅಂದರೆ ತಿದ್ದುಪಡಿಯಿಂದ ಹೊರಗಿಟ್ಟವರು. ಅವರು ವೋಟು ಹಾಕಬಾರದಿತ್ತು, ನಿಜ. ಆದರೆ ಅವರು ಅರ್ಜಿ ಹಾಕಿದಾಗ ಸರ್ಕಾರವೇ ನೋಂದಾಯಿಸಿ ಮತದಾರರ ಕಾರ್ಡು ಕಳಿಸಿತ್ತು. ಪೊಲೀಸರ ಎದೆಗೆ ಕಟ್ಟಿದ ಕ್ಯಾಮೆರಾದ ದೃಶ್ಯಗಳನ್ನು ಅಕ್ಟೋಬರ್‌ನಲ್ಲಿ ಟ್ಯಾಂಪಾ ಬೇ ಟೈಮ್ಸ್ ಹೊರಹಾಕಿತು. ಮನೆ ಮುಂದೆ ಕೈಕೋಳ ಹಾಕಿಸಿಕೊಳ್ಳುವ ಒಬ್ಬನಿಗೆ ತಾನು ಮಾಡಿದ ತಪ್ಪೇನು ಅಂತಲೇ ಅರ್ಥವಾಗುತ್ತಿಲ್ಲ. ಫೆಲನಿ ಇದ್ದವರೆಲ್ಲ ವೋಟು ಹಾಕಬಹುದು ಅಂತ ನೀವೇ ಹೇಳಿದ್ದಲ್ವಾ ಅನ್ನುತ್ತಾನೆ. ಕೋಳ ಹಾಕುವ ಪೊಲೀಸರ ದನಿಯಲ್ಲೂ ಮುಜುಗರ ಕೇಳಿಸುತ್ತದೆ. ಇವುಗಳಲ್ಲಿ ಕೆಲವು ಕೇಸುಗಳನ್ನು, ರಾಜ್ಯ ಮಟ್ಟದ ಪ್ರಾಸಿಕ್ಯೂಟರ್‌ಗೆ ಅಧಿಕಾರವೇ ಇಲ್ಲ ಅಂತ ಕೆಳಗಿನ ನ್ಯಾಯಾಧೀಶರು ವಜಾ ಮಾಡಿದರು. 2023ರ ಫೆಬ್ರವರಿಯಲ್ಲಿ ಆ ಅಧಿಕಾರ ಕೊಡುವ ಕಾನೂನೂ ಪಾಸಾಯಿತು.

ಆದರೆ 20 ಜನರ ಕೇಸಿಗಿಂತ ಅದರ ಭಯ ದೊಡ್ಡದು. ಬಾಕಿ ಇದೆಯೋ ಇಲ್ಲವೋ ಗೊತ್ತಿಲ್ಲದವನು ಅರ್ಜಿಯ ಕೆಳಗೆ ನಾನು ಅರ್ಹ ಅಂತ ಪ್ರಮಾಣ ಮಾಡಿ ಸಹಿ ಹಾಕಬೇಕು. ತಪ್ಪಾದರೆ ಮತ್ತೊಂದು ಫೆಲನಿ. ಮಕ್ಕಳಿರುವವನು, ಕೆಲಸ ಇರುವವನು ಯಾಕೆ ಆ ಗೋಜಿಗೆ ಹೋಗುತ್ತಾನೆ? 2022ರಲ್ಲಿ ಸೆಂಟೆನ್ಸಿಂಗ್ ಪ್ರಾಜೆಕ್ಟ್ ಅನ್ನೋ ಸಂಸ್ಥೆ ಮಾಡಿದ ಅಂದಾಜಿನಂತೆ ಫ್ಲೋರಿಡಾದಲ್ಲಿ ವೋಟು ಇಲ್ಲದವರು ಇನ್ನೂ 11 ಲಕ್ಷಕ್ಕೂ ಜಾಸ್ತಿ. ಅವರಲ್ಲಿ 9 ಲಕ್ಷಕ್ಕೂ ಹೆಚ್ಚು ಜನ ಜೈಲು, ಪೆರೋಲು ಎಲ್ಲ ಮುಗಿಸಿದವರು.

ಮೀಡ್ ಅವರಿಗೆ ಉಳಿದ ನಾಗರಿಕ ಹಕ್ಕುಗಳು ಸಿಕ್ಕಿದ್ದು 2021ರ ಅಕ್ಟೋಬರ್‌ನಲ್ಲಿ, ಅದೇ ಹಳೇ ಕ್ಷಮಾದಾನ ಮಂಡಳಿಯಿಂದ. ಸುಮಾರು ಆ ದಿನಗಳಲ್ಲೇ ಮ್ಯಾಕ್‌ಆರ್ಥರ್ ಫೆಲೋಶಿಪ್ ಕೂಡ ಬಂತು.

ಬೇರೆ ರಾಜ್ಯದಲ್ಲಿ ಶಿಕ್ಷೆಯಾದವರಿಗೆ ಫ್ಲೋರಿಡಾ ಆ ರಾಜ್ಯದ ನಿಯಮವನ್ನೇ ಪಾಲಿಸುತ್ತದೆ. ನ್ಯೂಯಾರ್ಕಿನಲ್ಲಿ ಜೈಲಿನೊಳಗೆ ಇಲ್ಲದಿದ್ದರೆ ಸಾಕು, ವೋಟು ಹಾಕಬಹುದು. ಹಾಗಾಗಿ 2024ರ ಮೇನಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ 34 ಫೆಲನಿಗಳಲ್ಲಿ ತಪ್ಪಿತಸ್ಥ ಅನ್ನಿಸಿಕೊಂಡ, ಫ್ಲೋರಿಡಾದ ನಿವಾಸಿ ಡೊನಾಲ್ಡ್ ಟ್ರಂಪ್, ಆ ನವೆಂಬರ್‌ನಲ್ಲಿ ಪಾಮ್ ಬೀಚಿನ ಮತಗಟ್ಟೆಗೆ ಹೋಗಿ ತಕರಾರಿಲ್ಲದೆ ವೋಟು ಹಾಕಿ ಬಂದರು. ಕಾನೂನಿನ ಪ್ರಕಾರ ಅದು ಸರಿಯೇ.

ಫ್ಲೋರಿಡಾದ ಮತದಾರರಿಗೆ ಬರುವ ಕಾರ್ಡು ಮಾತ್ರ ಬದಲಾಗಿದೆ. ಆ ಬಂಧನಗಳ ಗಲಾಟೆಯ ನಂತರ, 2023ರಲ್ಲಿ, ಶಾಸನಸಭೆ ಮತದಾರರ ಕಾರ್ಡಿನ ಮೇಲೆ ಒಂದು ಸಾಲು ಅಚ್ಚು ಹಾಕಿಸಲು ಕಾನೂನು ಮಾಡಿತು. ಈ ಕಾರ್ಡು ಇದೆ ಅಂದ ಮಾತ್ರಕ್ಕೆ ನಿಮಗೆ ವೋಟು ಹಾಕುವ ಅರ್ಹತೆ ಇದೆ ಅಂತ ಅರ್ಥವಲ್ಲ ಅನ್ನೋದು ಅದರ ತಾತ್ಪರ್ಯ.